ಡಾಂಬರು ಪ್ಲಾಂಟೂ ಗಂಗಮ್ಮನ ಸಂಡಿಗೆಯೂ

ನಿವೃತ್ತನಾಗಿ ಬಟವಾಡಿಯಲ್ಲಿ ಮನೆ ಮಾಡಿದ ಮೇಲೆ, ಡಾಂಬರು ಪ್ಲಾಂಟಿಗೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಮೊಬೈಲ್ ತೆಗೆದು ಪ್ಯಾನೆಲ್ಲಿನ ಫೋಟೋ ತೋರಿಸುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಸಾರ್, ಯಾವ ಬಟನ್ ಯಾವಾಗ ಒತ್ತಬೇಕು?"

ಬಟನ್ನನ್ನು ಮಂಗನೂ ಒತ್ತುತ್ತದೆ ಕಣ್ರಪ್ಪ. ಒಂದು ಸಲ ನಾನೂ ಮಂಗನ ಹಾಗೆಯೇ ಒತ್ತಿದ್ದೆ. ಆ ಕಥೆ ಹೇಳುತ್ತೇನೆ, ಅದರಲ್ಲೇ ನಿಮಗೆ ಬೇಕಾದ ಪಾಠವೆಲ್ಲ ಇದೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಬೇಡ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ.

ನಾನು ಗುಬ್ಬಿ ತಾಲ್ಲೂಕಿನ ರಾಗಿ ಹೊಲದವರ ಮನೆಯವನು. ಐಟಿಐ ಮುಗಿಸಿ ಮೊದಲು ಸೇರಿದ್ದು ಕುಣಿಗಲ್ ರಸ್ತೆಯಲ್ಲಿದ್ದ ಹಳೆಯ ಪ್ಲಾಂಟಿಗೆ. ಅಲ್ಲಿ ಫೋರ್‌ಮನ್ ಆಗಿದ್ದವರು ದಾಸಪ್ಪ. ನಾಲ್ಕನೇ ಕ್ಲಾಸಿನವರೆಗೆ ಓದಿದ ಮನುಷ್ಯ, ಮೊಣಕೈವರೆಗೂ ಮಡಚಿದ ಖಾಕಿ ಅಂಗಿ, ಕಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ಚೂರು. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಕಲ್ಲು, ಉರಿ, ಡಾಂಬರು ಈ ಮೂರರ ವಿಷಯದಲ್ಲಿ ಅವರಷ್ಟು ತಿಳಿದವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಬೆಳಿಗ್ಗೆ ಬಂದವರೇ ಅವರು ಮೊದಲು ಹೋಗುತ್ತಿದ್ದುದು ಜಲ್ಲಿಪುಡಿಯ ಗುಡ್ಡೆಗೆ. ಅದನ್ನು ನಾವು ಡಸ್ಟ್ ಅನ್ನುತ್ತೇವೆ. ಗುಡ್ಡೆಯ ಬುಡಕ್ಕೆ ಮೊಣಕೈವರೆಗೂ ಕೈ ತೂರಿಸಿ, ಒಂದು ಹಿಡಿ ಎಳೆದು ಮುಷ್ಟಿ ಕಟ್ಟಿ ಬಿಡಿಸುತ್ತಿದ್ದರು. ಪುಡಿ ಉದುರಿದರೆ ಒಣ. ಉಂಡೆಯಾಗಿ ನಿಂತರೆ ಹಸಿ.

"ಮೇಲ್ಗಡೆ ನೋಡಿ ಒಣಗದೆ ಅನ್ಕೋಬೇಡ ಕಣ್ಲಾ ಶಿವಣ್ಣ," ಅನ್ನುತ್ತಿದ್ದರು. "ಮಳೆ ನೀರು ಗುಡ್ಡೆ ಬುಡ್ದಾಗೆ ಕೂತಿರ್ತದೆ. ಜಲ್ಲಿ ಸಾಗ್ಸೋ ಬೆಲ್ಟು ತೂಕ ಹಾಕ್ದಾಗ ನೀರ್ನೂ ಕಲ್ಲು ಅಂತಲೇ ತಿಳ್ಕೊಳ್ತದೆ. ಮಿಷಿನ್ ಆ ತೂಕಕ್ಕೆ ತಕ್ಕಂಗೆ ಡಾಂಬರು ಬುಡ್ತದೆ. ಆಮೇಲೆ ಬೇಸಿಗೆಲಿ ರೋಡ್ ಮೇಲೆ ಡಾಂಬರು ಉಕ್ಕಿ ಚಪ್ಪಲಿ ಹಿಡ್ಕಂತದೆ. ಬೈಯೋದು ನಮ್ಮನ್ನ."

ಟಿಪ್ಪರಿಗೆ ತುಂಬಿದ ಮಾಲನ್ನು, ಅಂದರೆ ಡಾಂಬರು ಬೆರೆತ ಜಲ್ಲಿಯನ್ನು, ನೋಡಿಯೇ ಹೇಳಿಬಿಡುತ್ತಿದ್ದರು. ಮಾಲು ಗುಡ್ಡೆಯಾಗಿ ನಿಲ್ಲದೆ ಚಪ್ಪಟೆಯಾಗಿ ಹರಡಿಕೊಂಡು ಹೊಳೆದರೆ ಡಾಂಬರು ಜಾಸ್ತಿ. ಕಂದು ತಿರುಗಿ, ಮಂಕಾಗಿ ಕಂಡರೆ ಕಡಿಮೆ. ನೀಲಿ ಹೊಗೆ ಎದ್ದರೆ ಸೀದಿದೆ. ಒಮ್ಮೆ ಲೋಡಾಗಿ ಗೇಟು ದಾಟುತ್ತಿದ್ದ ಟಿಪ್ಪರನ್ನು ನೂರು ಹೆಜ್ಜೆ ಆಚೆಯಿಂದಲೇ ಕೂಗಿ ನಿಲ್ಲಿಸಿದರು. ಲ್ಯಾಬಿನವರು ಪರೀಕ್ಷೆ ಮಾಡಿ ಮಧ್ಯಾಹ್ನದ ಹೊತ್ತಿಗೆ ಹೇಳಿದ್ದೂ ಅದನ್ನೇ, ಡಾಂಬರು ಸಾಲದು ಅಂತ. ದಾಸಪ್ಪ ಅಷ್ಟರಲ್ಲಿ ಊಟ ಮಾಡಿ ಒಂದು ಸಣ್ಣ ನಿದ್ದೆಯನ್ನೂ ಮುಗಿಸಿದ್ದರು.

ಅವರು ನನಗೆ ಕಲಿಸಿದ ಇನ್ನೊಂದು ನಿಯಮವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. "ಕಲ್ಲು ನಿಂತ್ರೂ ಪರವಾಗಿಲ್ಲ, ಉರಿ ಆರ್‍ಬಾರ್ದು." ಹಳೆಯ ಬರ್ನರ್ ಒಮ್ಮೆ ಆರಿದರೆ ಮತ್ತೆ ಹೊತ್ತಿಸುವಷ್ಟರಲ್ಲಿ ಜಲ್ಲಿ ಕಾಯಿಸುವ ಡ್ರಮ್ಮು ತಣ್ಣಗಾಗುತ್ತಿತ್ತು, ಅರ್ಧ ದಿನ ಹಾಳು. ಹಾಗಾಗಿ ಜಲ್ಲಿ ಬರುವುದು ತಡವಾದರೂ ನಾವು ಉರಿಯನ್ನು ಹಾಗೇ ಇಟ್ಟುಕೊಂಡಿರುತ್ತಿದ್ದೆವು. ಆ ಪ್ಲಾಂಟಿಗೆ ಅದು ಸರಿಯಾದ ಮಾತೇ.

ಹದಿನಾಲ್ಕು ವರ್ಷಗಳಾದ ಮೇಲೆ ಗುಬ್ಬಿ ಕಡೆಯ ರಸ್ತೆಗಳ ಕೆಲಸಕ್ಕೆಂದು ಆ ಹಳೇ ಪ್ಲಾಂಟನ್ನೇ ಬಿಚ್ಚಿ, ಲಾರಿಗಳಲ್ಲಿ ಹೇರಿ, ಗುಬ್ಬಿಗೆ ಹೋಗುವ ದಾರಿಯ ಒಂದು ಹಳ್ಳಿಯ ಪಕ್ಕದಲ್ಲಿ ನಿಲ್ಲಿಸಿದರು. ನಮ್ಮ ಕಾಂಪೌಂಡಿನ ಪೂರ್ವಕ್ಕೆ ಒಂದು ತೆಂಗಿನ ತೋಟ, ತೋಟದಾಚೆ ಒಂದು ಆರ್‌ಸಿಸಿ ಮನೆ. ಆ ಮನೆಯವರೇ ಗಂಗಮ್ಮ.

ಗಂಗಮ್ಮನವರ ಸಂಡಿಗೆ ಅಂದರೆ ಆ ಸೀಮೆಯಲ್ಲಿ ಹೆಸರುವಾಸಿ. ಗುಬ್ಬಿಯ ಅಂಗಡಿಗಳಲ್ಲಿ, ಬಟವಾಡಿಯ ಅಂಗಡಿಗಳಲ್ಲಿ "ಗಂಗಮ್ಮನ ಸಂಡಿಗೆ ಬಂದದಾ?" ಅಂತ ಕೇಳಿ ಕೊಳ್ಳುತ್ತಿದ್ದರು. ಕೊಕ್ಕರೆಯ ರೆಕ್ಕೆಯಷ್ಟು ಬಿಳುಪು. ಗಂಡ ತೀರಿಕೊಂಡ ಮೇಲೆ ಚಕ್ಕುಲಿ ಒರಳು ಹಿಡಿದು ಇಬ್ಬರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಆದರೆ ಸಂಡಿಗೆ ಒಣಗುವುದು ಬೇಸಿಗೆಯಲ್ಲಿ, ರಸ್ತೆ ಹಾಕುವುದೂ ಬೇಸಿಗೆಯಲ್ಲಿ. ಅಲ್ಲಿ ಬಂತು ನೋಡಿ ತಕರಾರು.

ಶುರುವಾದ ವಾರದಲ್ಲೇ ಅವರು ಒಂದು ಮೊರ ಸಂಡಿಗೆ ಹಿಡಿದು ಪ್ಲಾಂಟಿಗೆ ಬಂದರು. ಅದರ ಮೇಲೆಲ್ಲ ಎಣ್ಣೆಯ ಕರಿ ಚುಕ್ಕೆ. ನಮ್ಮ ಮ್ಯಾನೇಜರು ಕನ್ನಡಕ ಏರಿಸಿ ನೋಡಿ, "ಎಳ್ಳು ಹಾಕಿದೀರಾ ಅಮ್ಮ?" ಅಂದರು.

"ಎಳ್ಳೇ ಸ್ವಾಮಿ. ನೀವೇ ಬಿತ್ತಿದ್ದು. ತಿಂದು ನೋಡಿ," ಅಂತ ಒಂದನ್ನು ಅವರ ಬಾಯಿಯ ಹತ್ತಿರವೇ ಹಿಡಿದರು. ಮ್ಯಾನೇಜರು ತಿನ್ನಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು.

ಮಾರನೆಯ ದಿನ ಬೆಳಿಗ್ಗೆ ನೋಡಿದರೆ, ನಮ್ಮ ಗೇಟಿನ ಮುಂದಿನ ದಾರಿಗೆ ಅಡ್ಡಡ್ಡವಾಗಿ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಸಾಲಾಗಿ ಸಂಡಿಗೆ ಒತ್ತಿಟ್ಟಿದ್ದಾರೆ! ಪಕ್ಕದಲ್ಲಿ ಕೊಡೆ ಬಿಚ್ಚಿಕೊಂಡು ಗಂಗಮ್ಮ ಕೂತಿದ್ದಾರೆ. ಟಿಪ್ಪರಿನವರು ಹಾರ್ನ್ ಹೊಡೆದರೆ ಒಂದೇ ಉತ್ತರ: "ತುಳ್ಕಂಡು ಹೋಗ್ರಪ್ಪ. ಹೆಂಗೂ ಹಾಳು ಮಾಡ್ತೀರ, ಮುಖಾಮುಖಿನೇ ಮಾಡಿ." ಯಾವ ಡ್ರೈವರಿಗೂ ಕಾಲು ಬರಲಿಲ್ಲ. ಅನ್ನದ ಮೇಲೆ ಚಕ್ರ ಹತ್ತಿಸುವವರು ಯಾರು? ಮೂರು ದಿನ ಪ್ಲಾಂಟು ನಿಂತಿತು. ಕೊನೆಗೆ ಕಂಪನಿಯ ದೊಡ್ಡವರು ಬಂದು ಮಾತು ಕೊಟ್ಟರು: ಮುಂದಿನ ಬೇಸಿಗೆಗೆ ಹೊಸ ಪ್ಲಾಂಟು ತರುತ್ತೇವೆ, ಅದರಿಂದಲೂ ಸಂಡಿಗೆ ಕೆಟ್ಟರೆ ಜಾಗ ಖಾಲಿ ಮಾಡುತ್ತೇವೆ. ಹಳೇ ಪ್ಲಾಂಟು ಅವತ್ತಿಗೇ ಕೊನೆಯಾಯಿತು.

ಹಾಗೆ ಬಂದದ್ದು ಕೌಂಟರ್ ಫ್ಲೋ ಡ್ರಮ್. ನಾನು ಅದನ್ನು ಮೊದಲ ಸಲ ಓಡಿಸಿದ ದಿನವನ್ನು ಮರೆಯಲಾರೆ. ನೋಡುವುದಕ್ಕೆ ಅದೇ ಉದ್ದನೆಯ ಕಬ್ಬಿಣದ ಡ್ರಮ್ಮು, ಅದೇ ಓರೆ, ಅದೇ ತಿರುಗಾಟ. ಆದರೆ ಒಳಗಿನ ಬುದ್ಧಿಯೇ ಬೇರೆ. ಹಳೆಯದರಲ್ಲಿ ಉರಿಯೂ ಜಲ್ಲಿಯೂ ಒಂದೇ ಬಾಗಿಲಲ್ಲಿ ಒಳಗೆ ಹೋಗಿ ಒಂದೇ ದಿಕ್ಕಿಗೆ ನಡೆಯುತ್ತಿದ್ದವು. ಅರ್ಧ ದಾರಿಯಲ್ಲಿ ಅದೇ ಬಿಸಿಗಾಳಿಗೆ ಡಾಂಬರನ್ನೂ ಸುರಿಯುತ್ತಿದ್ದೆವು. ಡಾಂಬರಿನ ಎಣ್ಣೆ ಆವಿಯಾಗಿ ಗಾಳಿಯ ಜೊತೆ ಚಿಮಣಿ ಹತ್ತಿ ಗಂಗಮ್ಮ ಸಂಡಿಗೆ ಹರವುತ್ತಿದ್ದ ಮಹಡಿಗೆ ಹೋಗುತ್ತಿತ್ತು.

ಹೊಸದರಲ್ಲಿ ಉರಿ ಎದುರು ತುದಿಯಿಂದ ಬರುತ್ತದೆ. ತಣ್ಣನೆಯ ಜಲ್ಲಿ ಮೇಲಿನ ತುದಿಯಿಂದ ಇಳಿಯುತ್ತಾ ಉರಿಯ ಕಡೆಗೆ ನಡೆಯುತ್ತದೆ, ಬಿಸಿಗಾಳಿ ಜಲ್ಲಿಯ ಕಡೆಗೆ ನಡೆಯುತ್ತದೆ. ಡ್ರಮ್ಮಿನೊಳಗಿನ ಪಟ್ಟಿಗಳು ಜಲ್ಲಿಯನ್ನು ಎತ್ತಿ ಎತ್ತಿ ಮಳೆ ಸುರಿದ ಹಾಗೆ ಸುರಿಸುತ್ತವೆ. ಆ ಕಲ್ಲಿನ ಮಳೆಯನ್ನು ದಾಟುತ್ತಾ ದಾಟುತ್ತಾ ಗಾಳಿ ತನ್ನ ಕಾವನ್ನೆಲ್ಲ ಕಲ್ಲಿಗೆ ಕೊಟ್ಟು ತಾನು ತಣಿದು ಹೊರಟುಹೋಗುತ್ತದೆ. ಚೆನ್ನಾಗಿ ಕಾದ ಕಲ್ಲು ಉರಿಯ ಮೂತಿಯನ್ನು ದಾಟಿ ಅದರ ಬೆನ್ನ ಹಿಂದಕ್ಕೆ ಬಂದ ಮೇಲೆಯೇ ಡಾಂಬರು ಬೀಳುವುದು. ಅಲ್ಲಿ ಉರಿಯ ಕಣ್ಣಿಗೆ ಡಾಂಬರು ಬೀಳುವುದೇ ಇಲ್ಲ. ಇನ್ನು ಹೊರಗೆ ಹೋಗುವ ಗಾಳಿಯಲ್ಲಿ ಉಳಿಯುವುದು ಕಲ್ಲಿನ ದೂಳು ಮಾತ್ರ. ಅದನ್ನು ಹಿಡಿಯಲು ಒಂದು ದೊಡ್ಡ ಡಬ್ಬಿಯ ತುಂಬ ಉದ್ದುದ್ದ ಬಟ್ಟೆಯ ಚೀಲಗಳನ್ನು ತೂಗುಹಾಕಿರುತ್ತಾರೆ. ಹಿಡಿದ ದೂಳನ್ನೂ ದಂಡ ಮಾಡದೆ ಮತ್ತೆ ಮಾಲಿಗೇ ಬೆರೆಸುತ್ತದೆ. ಎಂಥ ಜಾಣ ಯಂತ್ರ! ಅದನ್ನು ಯೋಚಿಸಿದವರ ಕೈಗೆ ಚಿನ್ನದ ಕಡಗ ಹಾಕಬೇಕು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ದಾಸಪ್ಪ ಮಾತ್ರ ಚಿಮಣಿಯನ್ನೇ ನೋಡುತ್ತಾ ನಿಂತಿದ್ದರು. ಅಲ್ಲಿ ಕಾಣುತ್ತಿದ್ದುದು ಬಿಳಿಯ ಹಬೆ, ಅದೂ ಸ್ವಲ್ಪ.

"ಎಲ್ಲೋ ಅದು ಹೊಗೆ? ಬೆಂಕಿ ಹತ್ತೈತೋ ಇಲ್ವೋ?"

"ಹತ್ತಿದೆ ಸಾರ್. ಮಾಲು ಬರ್ತಾ ಇದೆ ನೋಡಿ."

ಬಂದ ಮಾಲನ್ನು ಅವರು ಸಲಾಕೆಯಲ್ಲಿ ಕೆದಕಿ, ಮೂಸಿ, ಒಂದು ಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ಬುಡು, ಇದು ನಮ್ಗಿಂತ ಬುದ್ಧಿವಂತ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆ ಬೇಸಿಗೆ ಒಂದು ತಿಂಗಳು ಸಂಡಿಗೆಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ. ಗಂಗಮ್ಮ ನಮ್ಮ ಬೆಳಗಿನ ಸೈರನ್ ಕೇಳಿ ಹಿಟ್ಟಿಗೆ ಎಸರಿಡುವಷ್ಟು ಹೊಂದಿಕೊಂಡರು. ಅದೇ ಧೈರ್ಯದಲ್ಲಿ ಗುಬ್ಬಿಯ ಒಂದು ಮದುವೆ ಮನೆಗೆ ಸಂಡಿಗೆ ಒಪ್ಪಿಕೊಂಡರು. ಹಿಂದಿನ ವರ್ಷ ಕರಿ ಚುಕ್ಕೆಯ ದೆಸೆಯಿಂದ ಎಷ್ಟೋ ಅಂಗಡಿಯವರು ಅವರನ್ನು ಬಿಟ್ಟಿದ್ದರು. "ಈ ಮದ್ವೆ ಎಲೆ ಮೇಲೆ ನನ್ ಸಂಡಿಗೆ ಬೆಳ್ಳಗೆ ಕೂತ್ರೆ ಹೋದ ಹೆಸ್ರು ವಾಪಸ್ ಬತ್ತದೆ. ಇದೂ ಕೈತಪ್ಪಿದ್ರೆ ಒರಳು ಅಟ್ಟಕ್ಕೆ ಹಾಕ್ಬುಡ್ತೀನಿ ದಾಸಪ್ಪಣ್ಣ," ಅಂತ ಗೇಟಿನ ಹತ್ತಿರ ನಿಂತು ಹೇಳಿ ಹೋಗಿದ್ದರು.

ಇನ್ನು ನನ್ನ ಮಂಗನ ಕೆಲಸ.

ಅದು ನಡೆದ ದಿನಕ್ಕೆ ಎರಡು ದಿನ ಮೊದಲು ಒಂದು ಜೋರು ಮಳೆ ಬಂದಿತ್ತು. ಅವತ್ತು ಒಳ್ಳೆ ಬಿಸಿಲು. ಗಂಗಮ್ಮನ ಮಹಡಿಯ ತುಂಬ ಮದುವೆಯ ಸಂಡಿಗೆ. ದಾಸಪ್ಪ ರಸ್ತೆಯ ಕಡೆಗೆ ಹೋಗಿದ್ದರು, ಪ್ಯಾನೆಲ್ಲಿನ ಮುಂದೆ ನಾನೊಬ್ಬನೇ. ಹತ್ತೂವರೆಯ ಸುಮಾರಿಗೆ ಹಸಿ ಡಸ್ಟು ಅದರ ತೊಟ್ಟಿಯೊಳಗೇ ಕಟ್ಟಿಕೊಂಡು ಇಳಿಯದೆ ನಿಂತುಬಿಟ್ಟಿತು. ಡಸ್ಟಿಲ್ಲದ ಮಾಲು ಯಾವುದಕ್ಕೂ ಬಾರದು ಅಂತ ಮಿಕ್ಕ ಜಲ್ಲಿಯನ್ನೂ ನಿಲ್ಲಿಸಿದೆ, ಡಾಂಬರನ್ನೂ ನಿಲ್ಲಿಸಿದೆ. ಸಲಾಕೆ ಹಾಕಿ ತಿವಿಯಿರಿ ಅಂತ ಕೆಳಗಿನವರಿಗೆ ಕೂಗಿದೆ. ಉರಿಯನ್ನು ಮಾತ್ರ ಮುಟ್ಟಲಿಲ್ಲ. ಉರಿ ಆರಬಾರದು, ಅಲ್ಲವೇ? ಹದಿನೈದು ವರ್ಷ ಕಿವಿಯಲ್ಲಿ ಕೂತಿದ್ದ ಮಾತು.

ಪ್ಯಾನೆಲ್ಲಿನಲ್ಲಿ ಹೊರಗೆ ಹೋಗುವ ಗಾಳಿಯ ಕಾವು ತೋರಿಸುವ ಅಂಕಿ ಏರತೊಡಗಿತು. ಅಲಾರಂ ಹೊಡೆದುಕೊಂಡಿತು. ಕಾವು ಇನ್ನೂ ಏರಿದರೆ ಬರ್ನರ್ ತಾನಾಗಿಯೇ ಆರುವ ಹಾಗೆ ಆ ಯಂತ್ರದಲ್ಲಿ ಏರ್ಪಾಡಿತ್ತು. ಅದನ್ನು ತಪ್ಪಿಸಲು ಒಂದು ಬೈಪಾಸ್ ಸ್ವಿಚ್ಚೂ ಇತ್ತು, ರಿಪೇರಿಯವರಿಗೆಂದು. 'ಎರಡು ನಿಮಿಷ ತಾನೇ' ಅಂತ ಅದನ್ನು ತಿರುಗಿಸಿಬಿಟ್ಟೆ. ಅಲಾರಂ ಸುಮ್ಮನಾಯಿತು. ನನಗೂ ನೆಮ್ಮದಿಯಾಯಿತು, ಹಾಳು ನೆಮ್ಮದಿ.

ಡ್ರಮ್ಮಿನೊಳಗೆ ಕಲ್ಲಿನ ಮಳೆ ಇಲ್ಲ. ಕಾವನ್ನು ಕುಡಿಯುವವರು ಯಾರೂ ಇಲ್ಲ. ಹಳೇ ಪ್ಲಾಂಟಿನಲ್ಲಾಗಿದ್ದರೆ ಆ ಬಿಸಿಗಾಳಿ ನೀರಿನ ತೊಟ್ಟಿಯ ಮೇಲೆ ಹಾದು ತಣ್ಣಗಾಗುತ್ತಿತ್ತು. ಇಲ್ಲಿ ಅದು ನೇರವಾಗಿ ಬಟ್ಟೆಯ ಚೀಲಗಳಿಗೆ ನುಗ್ಗಿತು. ಕರಕಲು ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಡಸ್ಟು ಬಿಟ್ಟುಕೊಂಡು ಇಳಿಯಿತು. ಗಾಬರಿಯಲ್ಲಿ ಎಲ್ಲ ಜಲ್ಲಿಯನ್ನೂ ಒಟ್ಟಿಗೇ ಬಿಟ್ಟೆ. ತೂತುಬಿದ್ದ ಚೀಲಗಳಿಂದ ದೂಳೆಲ್ಲ ಚಿಮಣಿಗೆ ಏರಿ, ಬೂದಿ ಬಣ್ಣದ ಮೋಡವಾಗಿ ತೆಂಗಿನ ತೋಟದ ಮೇಲೆ ಹಾದು ಪೂರ್ವಕ್ಕೆ ಹೋಯಿತು. ನಾನು ಪ್ಲಾಂಟು ನಿಲ್ಲಿಸಿ ತಲೆಯ ಮೇಲೆ ಕೈಹೊತ್ತು ಕೂತೆ. ಬೈಪಾಸ್ ಸ್ವಿಚ್ಚನ್ನು ಮೊದಲಿನ ಜಾಗಕ್ಕೆ ತಿರುಗಿಸಿಟ್ಟೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದಿಲ್ಲ.

ಮ್ಯಾನೇಜರು ಬಂದರು. "ಚೀಲದ ಬಟ್ಟೆಯೇ ಕಳಪೆ ಇರಬೇಕು ಸಾರ್," ಅಂದೆ. ಅವರು ನಂಬಿ, ಚೀಲ ಕೊಟ್ಟವರಿಗೆ ಫೋನ್ ಹಚ್ಚಿದರು. ದಾಸಪ್ಪ ಬಂದರು. ಕ್ಯಾಬಿನ್ನಿನೊಳಗೆ ಬಂದು ಪ್ಯಾನೆಲ್ ನೋಡಿದರು. ಬೈಪಾಸ್ ಸ್ವಿಚ್ಚಿನ ಮೇಲೆ ಒಂದು ತಿಂಗಳ ದೂಳು ಕೂತಿತ್ತು, ಈಗ ಅದರ ಮೇಲೆ ಎರಡು ಬೆರಳಿನ ಗುರುತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ನನ್ನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಡಿ," ಅಂದರು. "ಎಲ್ಲಿಗೆ ಸಾರ್?" ಅಂದೆ. "ಗಂಗಮ್ಮನ ಮನೆಗೆ. ನೀನೇ ಹೇಳ್ಬೇಕು."

ಮಹಡಿಯ ಮೇಲೆ ಗಂಗಮ್ಮ ಕೂತಿದ್ದರು. ಬೆಳಿಗ್ಗೆ ಒತ್ತಿದ ಹಸಿ ಸಂಡಿಗೆಗೆ ದೂಳೆಲ್ಲ ಮೆತ್ತಿಕೊಂಡು ಬೂದಿ ಬಣ್ಣ ತಿರುಗಿತ್ತು. ಅವರು ಸೆರಗಿನಿಂದ ಒಂದು ಸಂಡಿಗೆಯನ್ನು ಒರೆಸಲು ನೋಡಿದರು. ಅದು ಮುರಿದು ಕೈಯಲ್ಲಿ ಉಳಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಮ್ಮ, ಮಿಷಿನ್ನಿನ ತಪ್ಪಲ್ಲ. ನಾನೇ ಮಾಡಿದ್ದು," ಅಂದೆ. ಕಲ್ಲು ನಿಂತದ್ದು, ಉರಿ ತೆಗೆಯದೇ ಇದ್ದದ್ದು, ಅಲಾರಂ ಮುಚ್ಚಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು. "ಒಳಗಡೆ ಕಲ್ಲೇ ಇರ್ಲಿಲ್ವಾ?"

"ಇರಲಿಲ್ಲ."

"ಪಾತ್ರೆ ಖಾಲಿ ಆದ್ರೆ ಉರಿ ತೆಗೀಬೇಕಲ್ವೇನಪ್ಪ? ಖಾಲಿ ಪಾತ್ರೆ ಯಾಕ್ ಕಾಯಿಸ್ದೆ? ಸೀದೋಗಲ್ವಾ? ಇದನ್ನ ನಿಂಗೆ ಯಾರೂ ಹೇಳ್ಕೊಟ್ಟಿಲ್ವಾ?"

ನಾನು ಬಾಯಿ ಬಿಡುವ ಮೊದಲೇ ದಾಸಪ್ಪ ಹೇಳಿದರು. "ಉಲ್ಟಾ ಹೇಳ್ಕೊಟ್ಟಿದ್ದೋನು ನಾನೇ ಗಂಗಮ್ಮ. ಹಳೇ ಮಿಷಿನ್ ಪಾಠ ಹೊಸ ಮಿಷಿನ್‌ಗೆ ಹೇಳ್ದೆ. ತಪ್ಪು ನಂದು." ಇಷ್ಟು ವರ್ಷದಲ್ಲಿ ಆ ಮನುಷ್ಯ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಮದ್ವೆಗೆ ಇನ್ನಾರು ದಿನ ಅದೆ. ಬಿಸ್ಲು ಹಿಂಗೇ ಇದ್ರೆ ಮೂರು ದಿನಕ್ಕೆ ಒಣಗ್ತದೆ. ನಿಮ್ ಚೀಲ ಯಾವಾಗ ಬತ್ತವೆ?"

"ನಾಳಿದ್ದು," ಅಂದರು ದಾಸಪ್ಪ. "ನಿನ್ ಸಂಡಿಗೆ ಒಣಗೋವರ್ಗೂ ಪ್ಲಾಂಟ್ ಮುಚ್ಚಿರ್ತೀವಿ ಬುಡು ತಾಯಿ."

"ಮುಚ್ಬೇಡಿ. ಮುಚ್ಚಿದ್ರೆ ನನ್ ಸಂಡಿಗೆ ಈ ಸಲ ಉಳೀತದೆ, ಬರೋ ಸಲ? ನೀವು ಓಡ್ಸಿ, ನಾನು ಹರವ್ತೀನಿ. ಹೆಂಗಾಯ್ತದೋ ನೋಡೇಬುಡವ. ಕೆಟ್ರೆ ನೀವೂ ಗಂಟು ಕಟ್ಟಿ, ನಾನೂ ಒರಳು ಕಟ್ತೀನಿ."

ಅಬ್ಬಾ, ಎಂಥ ಗುಂಡಿಗೆ! ಮ್ಯಾನೇಜರಿಗೆ ನಿಜ ಹೇಳಿದೆವು. ಅವರು ಕೆಂಡವಾಗಿ, ನನ್ನನ್ನು ಪ್ಯಾನೆಲ್ಲಿನಿಂದ ಎಬ್ಬಿಸಿ ಅಂದರು. ದಾಸಪ್ಪ ಒಪ್ಪಲಿಲ್ಲ. "ಇವ್ನೇ ಕೂರ್ಲಿ ಸಾರ್. ಇವತ್ತು ಇವ್ನಷ್ಟು ಹೆದ್ರಿಕೊಂಡು ಅಂಕಿ ನೋಡೋನು ಇಡೀ ಜಿಲ್ಲೆಲಿ ಸಿಗಾಕಿಲ್ಲ."

ಮೂರನೆಯ ದಿನ ಹೊಸ ಚೀಲ ಹಾಕಿ ಸೈರನ್ ಕೊಟ್ಟೆವು. ತೋಟದಾಚೆ ಗಂಗಮ್ಮ ಎಸರಿಟ್ಟರು. ದಾಸಪ್ಪ ಪ್ಯಾನೆಲ್ಲಿನ ಮೇಲೆ ಸೀಮೆಸುಣ್ಣದಿಂದ ದಪ್ಪ ಅಕ್ಷರದಲ್ಲಿ ಬರೆದರು: 'ಪಾತ್ರೆ ಖಾಲಿ ಆದ್ರೆ ಉರಿ ತೆಗಿ.' ಬೈಪಾಸ್ ಸ್ವಿಚ್ಚಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಆಮೇಲೆ ಫೋರ್‌ಮನ್ ಅನ್ನುವುದನ್ನು ಮರೆತು, ಸಲಾಕೆ ಹಿಡಿದು ಡಸ್ಟಿನ ತೊಟ್ಟಿಯ ಮೇಲೆ ತಾವೇ ನಿಂತರು.

ಮಧ್ಯಾಹ್ನಕ್ಕೆ ಡಸ್ಟು ಮತ್ತೆ ಕಟ್ಟಿತು. ಜಲ್ಲಿಯನ್ನೂ ಡಾಂಬರನ್ನೂ ನಿಲ್ಲಿಸಿದೆ. ಈ ಸಲ ಉರಿಯನ್ನೂ ಆರಿಸಿದೆ. ಹೊಸ ಬರ್ನರ್ ಮತ್ತೆ ಹೊತ್ತಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ದಾಸಪ್ಪ ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು. ಇಷ್ಟಕ್ಕೆ ನಾನು ಅವತ್ತು ಅಷ್ಟು ದೊಡ್ಡ ಅನಾಹುತ ಮಾಡಿಕೊಂಡಿದ್ದೆ.

ಸಂಜೆ ಗಂಗಮ್ಮ ಕರೆದರು. ಮೂವರೂ ಮಹಡಿ ಹತ್ತಿದೆವು, ಮ್ಯಾನೇಜರೂ ಸೇರಿ. ಗಂಗಮ್ಮ ಮೂಲೆಯಿಂದ ಮೂಲೆಗೆ ಬಗ್ಗಿ ನೋಡುತ್ತಾ ಬಂದು ಒಂದು ಕಡೆ ನಿಂತರು. "ಇಲ್ಲೊಂದು ಚುಕ್ಕೆ ಅದೆ!" ನಾನು ಅಲ್ಲಿಗೆ ಓಡಿದೆ. ಅದನ್ನು ಉಗುರಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡು ನಕ್ಕರು. "ಜೀರಿಗೆ."

ಇನ್ನೆರಡು ದಿನವೂ ಪ್ಲಾಂಟು ಓಡಿತು, ಸಂಡಿಗೆಯೂ ಬೆಳ್ಳಗೇ ಒಣಗಿತು. ಮದುವೆಯ ಊಟಕ್ಕೆ ನಮ್ಮನ್ನೂ ಕರೆದಿದ್ದರು. ದಾಸಪ್ಪ ಎಲೆಯ ಮೇಲಿನ ಸಂಡಿಗೆಯನ್ನು ಬೆಳಕಿಗೆ ಹಿಡಿದು, ಮಾಲು ನೋಡಿದ ಹಾಗೆ ತಿರುಗಿಸಿ ನೋಡಿ, ಆಮೇಲೆ ತಿಂದರು. ನಾಲ್ಕು ತಿಂದರು.

ಅದಾಗಿ ಬಹಳ ವರ್ಷವಾಯಿತು. ರಸ್ತೆ ಮುಗಿದು ಆ ಪ್ಲಾಂಟು ಅಲ್ಲಿಂದ ಎದ್ದಿತು, ದಾಸಪ್ಪನವರೂ ಈಗಿಲ್ಲ. ಹೋದ ತಿಂಗಳು ಅಂತರಸನಹಳ್ಳಿಯ ಆಚೆ ಒಂದು ಹೊಸ ಪ್ಲಾಂಟು ನೋಡಲು ಕರೆದಿದ್ದರು. ಎಲ್ಲ ಕಂಪ್ಯೂಟರು, ಎಸಿ ಕ್ಯಾಬಿನ್ನು. ಪರದೆಯ ಮೇಲುಗಡೆ ಗೋಡೆಗೆ ಬಣ್ಣದಲ್ಲಿ ಅಂದವಾಗಿ ಬರೆಸಿದ್ದರು: 'ಪಾತ್ರೆ ಖಾಲಿ ಆದ್ರೆ ಉರಿ ತೆಗಿ.' ಕೈಯಿಂದ ಕೈಗೆ, ಪ್ಲಾಂಟಿಂದ ಪ್ಲಾಂಟಿಗೆ ದಾಟಿ ಬಂದಿರಬೇಕು. ಯಾರು ಹೇಳಿದ್ದಿದು ಅಂತ ಕೇಳಿದೆ. "ಹಳೇ ಕಾಲದ ಯಾರೋ ದೊಡ್ಡ ಇಂಜಿನಿಯರ್ ಅಂತೆ ಸಾರ್," ಅಂದ ಆಪರೇಟರು.

ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿ ಗಂಗಮ್ಮನ ಮನೆಗೆ ಹೋದೆ. ಈಗ ಅವರಿಗೆ ಕಣ್ಣು ಮಂಜು, ಒತ್ತುವುದೆಲ್ಲ ಸೊಸೆ. ಆದರೂ ಒಲೆಯ ಹತ್ತಿರದ ಮಣೆ ಅವರದೇ. ನನ್ನ ಕೈಗೆ ಹಿಟ್ಟು ತಿರುವುವ ಕೋಲು ಕೊಟ್ಟು ಕೂರಿಸಿಕೊಂಡರು. ನಾನು ಖುಷಿಯಲ್ಲಿ ಕೋಲು ಆಡಿಸುವುದನ್ನೇ ಬಿಟ್ಟು, ಗೋಡೆಯ ಮೇಲಿನ ಬರಹ, ದೊಡ್ಡ ಇಂಜಿನಿಯರ್ ಅಂದದ್ದು, ಎಲ್ಲವನ್ನೂ ಹೇಳಿದೆ.

ಅವರು ಕಿವಿಗೊಟ್ಟು ಕೇಳಿದರು. ಮೂಗೆತ್ತಿ ಒಮ್ಮೆ ಮೂಸಿದರು.

"ಇಂಜಿನಿಯರ್ ಹೇಳ್ತಾ ಅವ್ಳೆ ಕೇಳು ಶಿವಣ್ಣ. ಉರಿ ಸಣ್ಣ ಮಾಡು, ಹಿಟ್ಟು ತಳ ಹಿಡೀತಾ ಅದೆ."